ಪಕ್ಕದ ಮನೆಯ ಅಕ್ಕ ಪ್ರಾರ್ಥನೆ ಕೇಳಿದರು, ಈಗ ನಾನೇನು ಮಾಡಲಿ?

ಪ್ರಶ್ನೆ: ನಾನು ಉಡುಪಿಯಲ್ಲಿ ಸ್ಟಾಫ್ ನರ್ಸ್. ವಯಸ್ಸು 34. ನಮ್ಮದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಕಾಲದಿಂದ ಬಂದ ಪ್ರೊಟೆಸ್ಟೆಂಟ್ ಕುಟುಂಬ. ಈಗ ಮಲ್ಪೆ ಕಡೆ ಬಾಡಿಗೆ ಮನೆಯಲ್ಲಿದ್ದೇವೆ. ಪಕ್ಕದ ಮನೆಯ ಅಕ್ಕ ಹಿಂದೂ, ನನಗಿಂತ 15 ವರ್ಷ ದೊಡ್ಡವರು. ಅವರ ಗಂಡನಿಗೆ ಕಿಡ್ನಿ ಹೋಗಿದೆ, ವಾರಕ್ಕೆ ಮೂರು ಸಲ ಡಯಾಲಿಸಿಸ್. ಹೋದ ತಿಂಗಳು ಒಂದು ಸಂಜೆ ಅಕ್ಕ ಅಳುತ್ತಾ ಬಂದು, "ನಿನ್ನ ದೇವರ ಹತ್ತಿರ ನನಗೋಸ್ಕರ ಒಂದು ಸಲ ಕೇಳು ಮಾರಾಯ್ತಿ" ಎಂದರು. ನಾನು ಅವರ ಕೈ ಹಿಡಿದು ಪ್ರಾರ್ಥನೆ ಮಾಡಿದೆ. ಆಮೇಲೆ ಓದಲಿಕ್ಕೆ ಒಂದು ಬೈಬಲ್ ಕೊಡು ಎಂದಿದ್ದಾರೆ. ಅವರ ಮಗನಿಗೆ ವಿಷಯ ಗೊತ್ತಾಗಿ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ. ನಾನು ಹೋಗುವ ಪ್ರಾರ್ಥನಾ ಕೂಟದ ಹಿರಿಯರು, "ಬಾಗಿಲು ತೆರೆದಾಗ ಸುವಾರ್ತೆ ಹೇಳದಿದ್ದರೆ ಆ ಆತ್ಮದ ಲೆಕ್ಕ ದೇವರು ನಿನ್ನ ಹತ್ತಿರ ಕೇಳುತ್ತಾರೆ, ವಾರ್ಡಿನಲ್ಲೂ ಹೇಳಬೇಕು" ಅನ್ನುತ್ತಾರೆ. ನನ್ನ ಗಂಡ, "ಕೇಸ್ ಆಗುತ್ತದೆ, ಕೆಲಸ ಹೋಗುತ್ತದೆ, ಸುಮ್ನಿರು" ಅನ್ನುತ್ತಾರೆ. ರಾತ್ರಿ ನಿದ್ದೆ ಇಲ್ಲ. ಸುಮ್ಮನಿದ್ದರೆ ಯೇಸುವನ್ನು ಅಲ್ಲಗಳೆದ ಹಾಗೆ ಆಗುತ್ತದಾ?
(ಹೆಸರು ಬೇಡ, ಉಡುಪಿ)

ಉತ್ತರ: ಮಾತಾಡಿದರೆ ಕೇಸು, ಮಾತಾಡದಿದ್ದರೆ ಪಾಪ. ಒಂದು ಕಡೆ ಕೂಟದ ಹಿರಿಯರು, ಇನ್ನೊಂದು ಕಡೆ ಗಂಡ, ಇಬ್ಬರೂ ನಿಮ್ಮನ್ನು ಹೆದರಿಸಿಬಿಟ್ಟಿದ್ದಾರೆ. ಈ ಗಲಾಟೆಯಲ್ಲಿ ಆ ಅಕ್ಕ ನಿಜವಾಗಿ ಏನು ಕೇಳಿದರು ಅನ್ನುವುದೇ ಮರೆತುಹೋಗಿದೆ. ನಾನು ಅಲ್ಲಿಂದ ಶುರು ಮಾಡುತ್ತೇನೆ.

ಜನವರಿಯಲ್ಲಿ ಕಾರ್ಕಳದ ಅತ್ತೂರಿಗೆ ಹೋಗಿದ್ದೀರಾ? ಸಂತ ಲಾರೆನ್ಸರ ಹಬ್ಬದಲ್ಲಿ ಮೇಣದಬತ್ತಿ ಹಿಡಿದು ನಿಂತವರಲ್ಲಿ ಎಷ್ಟೊಂದು ಜನ ಹಿಂದೂಗಳು. ಬಿಕರ್ನಕಟ್ಟೆಯ ಬಾಲಯೇಸು ಮಂದಿರದಲ್ಲೂ ಹಾಗೆಯೇ. ಮತ ಬದಲಿಸುವ ಯೋಚನೆ ಅವರ ತಲೆಯಲ್ಲೇ ಇರುವುದಿಲ್ಲ. ನಮ್ಮ ಕರಾವಳಿಯಲ್ಲಿ ಕಷ್ಟ ಬಂದರೆ ಜನ ಮನೆಯ ದೈವಕ್ಕೆ ಹೇಳಿಕೊಳ್ಳುತ್ತಾರೆ, ಕಟೀಲಿಗೆ ಹೋಗುತ್ತಾರೆ, ಉಳ್ಳಾಲದ ದರ್ಗಾಕ್ಕೆ ಹೋಗುತ್ತಾರೆ, ಅತ್ತೂರಿಗೂ ಹೋಗಿ ಬರುತ್ತಾರೆ. ಹರಕೆಗೆ ಬೇಲಿ ಇಲ್ಲ. ನಾವು ಪ್ರೊಟೆಸ್ಟೆಂಟರು ಹರಕೆಯನ್ನು ಬಿಟ್ಟು ನಾಲ್ಕೈದು ತಲೆಮಾರು ಆಯಿತು. ಹಾಗಾಗಿ "ನಿನ್ನ ದೇವರ ಹತ್ತಿರ ಕೇಳು" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮಗೆ ಬೇರೆಯೇ ಏನೋ ಕೇಳಿಸುತ್ತದೆ. ಅಕ್ಕ ಕೇಳಿದ್ದು ಬಹುಶಃ ಇಷ್ಟೇ: ನನಗೆ ಒಬ್ಬಳಿಗೇ ಇದನ್ನು ಹೊರಲು ಆಗುತ್ತಿಲ್ಲ, ಸ್ವಲ್ಪ ಕೈ ಹಿಡಿ. ನೀವು ಹಿಡಿದಿರಿ. ಅದರಲ್ಲಿ ಏನೂ ತಪ್ಪಿಲ್ಲ. ಕದ್ದು ಮಾಡಿದ ಕೆಲಸವೂ ಅಲ್ಲ.

ಬೈಬಲ್ ಕೇಳಿದ್ದು ಬೇರೆ ವಿಷಯ. ಅದು ಕುತೂಹಲ ಇರಬಹುದು. ಬೈಬಲ್ ಮನೆಯಲ್ಲಿದ್ದರೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಇರಬಹುದು, ತಾಯಿತದ ಹಾಗೆ. ಡಯಾಲಿಸಿಸ್ ಯೂನಿಟ್ಟಿನ ಹೊರಗೆ ನಾಲ್ಕು ಗಂಟೆ ಕೂತಿರಬೇಕಲ್ಲ, ಓದಲು ಏನಾದರೂ ಬೇಕು ಎಂದೂ ಇರಬಹುದು. ಊಹೆ ಮಾಡುವ ಬದಲು ಕೇಳಿಬಿಡಿ: "ಯಾಕಕ್ಕ, ಏನು ಓದಬೇಕು ಅನ್ನಿಸಿತು?" ನಾನು ಸಭಾಪಾಲಕನಾಗಿದ್ದ (ಪಾಸ್ಟರ್) 35 ವರ್ಷಗಳಲ್ಲಿ ಈ ಒಂದು ಪ್ರಶ್ನೆ ಕೇಳದೆ ಎಡವಿದವರನ್ನು ಬಹಳ ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಈಗ ಕೂಟದ ಹಿರಿಯರ ಮಾತು. "ಲೆಕ್ಕ ನಿನ್ನ ಹತ್ತಿರ ಕೇಳುತ್ತಾರೆ" ಅನ್ನುವುದಕ್ಕೆ ಅವರು ಆಧಾರ ಕೊಡುವುದು ಯೆಹೆಜ್ಕೇಲನ ಕಾವಲುಗಾರನ ಮಾತನ್ನು. ಕತ್ತಿ ಬರುವುದನ್ನು ಕಂಡೂ ಕಾವಲುಗಾರ ಕೊಂಬು ಊದದಿದ್ದರೆ ಸತ್ತವರ ರಕ್ತಕ್ಕೆ ಅವನೇ ಹೊಣೆ, ಅಲ್ವಾ? ಅಲ್ಲಿ ದೇವರು ಮಾತಾಡುತ್ತಿರುವುದು ಒಬ್ಬ ಪ್ರವಾದಿಯ ಹತ್ತಿರ. ಅವನು ಎಚ್ಚರಿಸಬೇಕಾಗಿದ್ದು ತನ್ನದೇ ಜನವನ್ನು, ಇಸ್ರಾಯೇಲರನ್ನು. ಆ ಮಾತನ್ನು ಕಿತ್ತು ತಂದು, ಮಲ್ಪೆಯ ಬಾಡಿಗೆ ಮನೆಯಲ್ಲಿರುವ ಒಬ್ಬ ನರ್ಸಿನ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಹೆದರಿಕೆಯಿಂದ ಹೇಳುವ ಸುವಾರ್ತೆ ಕೇಳುವವರಿಗೂ ಹೆದರಿಕೆಯ ಹಾಗೆಯೇ ಕೇಳಿಸುತ್ತದೆ.

ಹಾಗಾದರೆ ಸಾರುವ ಕೆಲಸವೇ ಬೇಡವಾ? ಬೇಡ ಎಂದು ನಾನು ಹೇಳಲಾರೆ. ಎಲ್ಲ ಜನಾಂಗದವರನ್ನೂ ಶಿಷ್ಯರನ್ನಾಗಿ ಮಾಡಿರಿ ಎಂದು ಯೇಸು ಹೇಳುವ ಮತ್ತಾಯನ ಕೊನೆಯ ಅಧ್ಯಾಯವನ್ನು ಹರಿದು ಬಿಸಾಡಲು ನಮಗೆ ಅಧಿಕಾರವಿಲ್ಲ. ಆದರೆ ಅದೇ ಹೊಸ ಒಡಂಬಡಿಕೆಯಲ್ಲಿ ಪೇತ್ರನ ಮೊದಲ ಪತ್ರವೂ ಇದೆ. ನಿಮ್ಮ ನಿರೀಕ್ಷೆಗೆ ಕಾರಣ ಏನು ಎಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧವಾಗಿರಿ, ಆದರೆ ಅದನ್ನು ಮೃದುವಾಗಿ, ಗೌರವದಿಂದ ಹೇಳಿ ಅನ್ನುತ್ತಾನೆ. ಕೇಳುವವರಿಗೆ! ಮಾರ್ಕನ ಹತ್ತನೇ ಅಧ್ಯಾಯದಲ್ಲಿ ಒಬ್ಬ ಆಸ್ತಿವಂತ ಯೇಸುವಿನ ಹತ್ತಿರ ಬರುತ್ತಾನೆ. ಮಾತು ಕೇಳಿ ಮುಖ ಸಪ್ಪೆ ಮಾಡಿಕೊಂಡು ಹೊರಟುಹೋಗುತ್ತಾನೆ. ಯೇಸು ಅವನ ಹಿಂದೆ ಓಡಲಿಲ್ಲ. ನಾಳೆ ಅವನ ಮನೆಗೆ ಇಬ್ಬರು ಶಿಷ್ಯರನ್ನೂ ಕಳಿಸಲಿಲ್ಲ. ಅವನನ್ನು ಪ್ರೀತಿಸಿದನು ಎಂದೂ ಅಲ್ಲಿಯೇ ಬರೆದಿದೆ. ಪ್ರೀತಿಸಿದನು, ಆದರೂ ಹೋಗಲು ಬಿಟ್ಟನು.

ಇದು ನನಗೆ ಪುಸ್ತಕದಿಂದ ಅರ್ಥವಾಗಲಿಲ್ಲ. ಮಂಗಳೂರಿನಲ್ಲಿ ದೇವಶಾಸ್ತ್ರ ಓದುತ್ತಿದ್ದ ಕಾಲದಲ್ಲಿ ನಾವು ನಾಲ್ಕೈದು ಹುಡುಗರು ಭಾನುವಾರ ಮಧ್ಯಾಹ್ನ ಒಂದು ಆಸ್ಪತ್ರೆಗೆ ಕರಪತ್ರ ಹಿಡಿದುಕೊಂಡು ಹೋಗುತ್ತಿದ್ದೆವು. ಒಬ್ಬರು ಅಜ್ಜ ಇದ್ದರು, ತೆಂಗಿನ ಮರದಿಂದ ಬಿದ್ದು ತೊಡೆ ಮುರಿದಿತ್ತು. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರು. ನಾನು ಮೂರು ವಾರ ಅವರ ಹಾಸಿಗೆಯ ಪಕ್ಕ ಕೂತು ಮಾತಾಡಿದೆ. ಅವರು ತಲೆಯಾಡಿಸುತ್ತಿದ್ದರು. ನಾನು ಹಾಸ್ಟೆಲ್ಲಿಗೆ ಬಂದು ಗೆಳೆಯರ ಹತ್ತಿರ ಒಳ್ಳೆ ಸುದ್ದಿ ಎಂದು ಹೇಳಿಕೊಳ್ಳುತ್ತಿದ್ದೆ. ನಾಲ್ಕನೇ ವಾರ ಅವರ ಮಗಳು ನನ್ನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದಳು: "ಅಪ್ಪನಿಗೆ ಎದ್ದು ಹೋಗಲಿಕ್ಕೆ ಆಗುವುದಿಲ್ಲ ಸರ್, ಹಾಗಾಗಿ ಕೇಳಿಸಿಕೊಳ್ಳುತ್ತಾರೆ."

ಅವಳು ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಅಂದಿನಿಂದ ನನ್ನ ಅಳತೆ ಒಂದೇ. ಎದುರಿಗಿರುವವರು ಎದ್ದು ಹೋಗಬಲ್ಲವರೇ? ನಿಮ್ಮ ಜಗಲಿಯಲ್ಲಿ ಕೂತ ಅಕ್ಕ ಎದ್ದು ಹೋಗಬಲ್ಲರು. ಮಾತು ಬೇಡ ಎನಿಸಿದರೆ ಒಲೆಯ ಮೇಲೆ ಅನ್ನ ಇಟ್ಟಿದ್ದೇನೆ ಎಂದು ಹೊರಡಬಲ್ಲರು. ನಾಳೆ ಬಾರದೇ ಇರಬಲ್ಲರು. ವಾರ್ಡಿನ ರೋಗಿ? ಅವರ ಕೈಯಲ್ಲಿ ಡ್ರಿಪ್ ಇದೆ. ರಾತ್ರಿ ನೋವು ಬಂದರೆ ನೀವೇ ಇಂಜೆಕ್ಷನ್ ಕೊಡಬೇಕು. ನೀವು ಏನು ಹೇಳಿದರೂ ಅವರು ಹೂಂ ಅನ್ನುತ್ತಾರೆ. ಆ ಹೂಂಗೆ ಬೆಲೆ ಇಲ್ಲ. ನಿಮ್ಮ ಕೈಕೆಳಗೆ ಕೆಲಸ ಮಾಡುವ ಆಯಾ, ನಿಮ್ಮ ಹತ್ತಿರ ಸಾಲ ತಗೊಂಡವರು, ಟ್ಯೂಷನ್ನಿಗೆ ಬರುವ ಮಕ್ಕಳು, ಇವರೆಲ್ಲ ಅದೇ ಸಾಲಿಗೆ ಸೇರುತ್ತಾರೆ. ಹಾಗಾಗಿ ವಾರ್ಡಿನ ಬಗ್ಗೆ ನನ್ನ ಉತ್ತರದಲ್ಲಿ ಆದರೆ ಗೀದರೆ ಇಲ್ಲ. ಅಲ್ಲಿ ಬೇಡ. ರೋಗಿಯೇ ಬಾಯಿಬಿಟ್ಟು ಪ್ರಾರ್ಥನೆ ಮಾಡಿ ಎಂದರೆ ಇನ್‌ಚಾರ್ಜ್ ಸಿಸ್ಟರಿಗೆ ತಿಳಿಸಿ. ಮನೆಯವರು ಪಕ್ಕದಲ್ಲಿದ್ದಾಗ ಒಂದು ನಿಮಿಷ ಮೌನವಾಗಿ ಪ್ರಾರ್ಥಿಸಿ, ಸಾಕು. ಕರಪತ್ರ, ಪುಸ್ತಕ, ಫೋನ್ ನಂಬರ್ ಯಾವುದೂ ಬೇಡ. ಕೂಟದ ಹಿರಿಯರಿಗೆ ನನ್ನ ಹೆಸರು ಹೇಳಿ ಬೇಕಾದರೆ.

ಇನ್ನು ನಿಮ್ಮ ಗಂಡನ ಹೆದರಿಕೆ. ಅದರಲ್ಲಿ ಅರ್ಧ ನಿಜ, ಅರ್ಧ ಗಾಳಿಮಾತು.

ನಂಬಿಕೆಯ ಬಗ್ಗೆ ಮಾತಾಡುವುದೇ ಅಪರಾಧ ಅನ್ನುವುದು ಸುಳ್ಳು. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ ಹಕ್ಕಿನ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಕ್ಕೆ ಧಕ್ಕೆ ಆಗಬಾರದು, ಅಷ್ಟೆ. ಆದರೆ ನಮ್ಮವರು ಅರ್ಧಕ್ಕೇ ನಿಲ್ಲಿಸುವ ಇನ್ನೊಂದು ಮಾತಿದೆ. 1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏನು ಹೇಳಿತು ಅಂದರೆ, ಪ್ರಚಾರ ಎಂದರೆ ತನ್ನ ಧರ್ಮದ ತತ್ವವನ್ನು ವಿವರಿಸಿ ಹೇಳುವುದು. ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಸೇರಿಲ್ಲ. ವಿವರಿಸುವುದು ನಿಮ್ಮದು, ಒಪ್ಪುವುದು ಬಿಡುವುದು ಅವರದು. ಈ ತೀರ್ಪಿನ ಮೇಲೆ ನಮ್ಮವರಿಗೆ ಸಿಟ್ಟಿದೆ. ನನಗೆ ಈ ಒಂದು ಗೆರೆಯ ಬಗ್ಗೆ ಅಷ್ಟೇನೂ ಸಿಟ್ಟಿಲ್ಲ. ನಾನು ಯಾರನ್ನೂ ಬದಲಾಯಿಸಲಾರೆ ಎಂದು ನಾವು ಪ್ರಸಂಗಪೀಠದಿಂದ ಹೇಳಿಕೊಂಡೇ ಬಂದಿದ್ದೇವಲ್ಲ.

ಕರ್ನಾಟಕದ್ದು ಇನ್ನೂ ಬಿಗಿ. 2022ರಲ್ಲಿ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಲವಂತ, ವಂಚನೆ, ಆಮಿಷ, ಮದುವೆಯ ಭರವಸೆ ಇವುಗಳಿಂದ ಮತಾಂತರ ಮಾಡುವುದನ್ನು ತಡೆಯುತ್ತದೆ. ಆಮಿಷ ಎಂಬ ಪದದ ಒಳಗೆ ತುಂಬ ತುರುಕಿದ್ದಾರೆ. ದುಡ್ಡು, ಉಡುಗೊರೆ, ಕೆಲಸ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಸರಿ. ದೇವರ ಕೋಪದ ಮಾತು, ಇನ್ನೊಂದು ಧರ್ಮದ ಆಚರಣೆಯನ್ನು ಕೀಳು ಮಾಡಿ ತೋರಿಸುವುದು ಕೂಡ ಅದರಲ್ಲಿದೆ. ಮತಾಂತರ ಆದವರು ಹೆಂಗಸಾದರೆ ಶಿಕ್ಷೆ 3ರಿಂದ 10 ವರ್ಷದವರೆಗೆ. ಜಾಮೀನುರಹಿತ ಅಪರಾಧ. ದೂರನ್ನು ಮನೆಯವರು, ಸಂಬಂಧಿಕರು ಮಾತ್ರವಲ್ಲ, ಜೊತೆ ಕೆಲಸ ಮಾಡುವವರೂ ಕೊಡಬಹುದು. ತಪ್ಪು ಮಾಡಿಲ್ಲ ಎಂದು ತೋರಿಸುವ ಹೊರೆ ಆರೋಪಿಯ ಮೇಲೆಯೇ. 2023ರ ಜೂನ್‌ನಲ್ಲಿ ಸಚಿವ ಸಂಪುಟ ಈ ಕಾಯ್ದೆಯನ್ನು ಹಿಂತೆಗೆಯಲು ತೀರ್ಮಾನಿಸಿತು ಎಂದು ಓದಿ ನಮ್ಮಲ್ಲಿ ಹಲವರು ಉಸಿರು ಬಿಟ್ಟರು. ಸಂಪುಟದ ತೀರ್ಮಾನ ಬೇರೆ, ಕಾಯ್ದೆ ರದ್ದಾಗುವುದು ಬೇರೆ. ಪೇಪರಿನ ತಲೆಬರಹ ನೋಡಿ ಧೈರ್ಯ ಮಾಡಬೇಡಿ. ಅನುಮಾನ ಬಂದರೆ ನಿಮ್ಮ ಸಭೆಯವರಿಗೆ ಪರಿಚಯ ಇರುವ ವಕೀಲರನ್ನೇ ಕೇಳಿ.

ನೀವು ಮಾಡಿದ ಪ್ರಾರ್ಥನೆ ಇದರಲ್ಲಿ ಎಲ್ಲಿ ಬರುತ್ತದೆ? ಅವರೇ ಕೇಳಿದರು, ನೀವು ಪ್ರಾರ್ಥಿಸಿದಿರಿ. ಏನೂ ಕೊಡಲಿಲ್ಲ, ಏನೂ ಕೇಳಲಿಲ್ಲ. ಅದು ಮತಾಂತರವೂ ಅಲ್ಲ, ಆಮಿಷವೂ ಅಲ್ಲ. ಆದರೆ ದೂರು ಕೊಡಲು ತಪ್ಪು ನಡೆದಿರಲೇಬೇಕು ಎಂದಿಲ್ಲ. ಸಿಟ್ಟಿರುವ ಒಬ್ಬ ಮಗ ಸಾಕು. ನಿಮ್ಮ ಗಂಡನ ಹೆದರಿಕೆಯಲ್ಲಿ ನಿಜ ಇರುವ ಅರ್ಧ ಅದು.

ಆ ಮಗನ ಮೇಲೆ ಬೇಸರ ಮಾಡಬೇಡಿ. ಅವನ ಸಿಟ್ಟಿಗೆ ಅವನಿಗಿಂತ ಜಾಸ್ತಿ ವಯಸ್ಸಾಗಿದೆ. ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಹತ್ತು ವರ್ಷದೊಳಗೆ, 1844ರಲ್ಲಿ, ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತನಾದಾಗ ಊರಿಗೆ ಊರೇ ಎದ್ದು ನಿಂತಿತ್ತು. ಮತ ಬದಲಿಸಿದವರನ್ನು ಮನೆಯಿಂದ ಹೊರಗೆ ಹಾಕುತ್ತಿದ್ದರು. ಹಳೆಯ ಕಸುಬೂ ತಪ್ಪುತ್ತಿತ್ತು. ಅವರ ಹೊಟ್ಟೆಪಾಡಿಗೆ ಎಂದು ಮಿಶನ್ ನೇಯ್ಗೆ ಶುರು ಮಾಡಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಉದ್ದೇಶ ಒಳ್ಳೆಯದೇ. ಆದರೆ ನಂಬಿಕೆ, ಕೂಲಿ, ವಾಸಕ್ಕೆ ಮನೆ ಎಲ್ಲವೂ ಒಂದೇ ಕೈಯಿಂದ ಬಂದಾಗ ಯಾರು ಯಾವುದಕ್ಕೆ ಬಂದರು ಎಂದು ಬಿಡಿಸಿ ಹೇಳುವುದು ಹೇಗೆ? ನನ್ನ ಮುತ್ತಜ್ಜನೂ ಹೆಂಚಿನ ಕಾರ್ಖಾನೆಯವರೇ. "ಅವರು ಯೇಸುವಿಗೆ ಬಂದರಾ, ಸಂಬಳಕ್ಕೆ ಬಂದರಾ?" ಎಂದು ಕಾಲೇಜಿನಲ್ಲಿ ಒಬ್ಬ ಗೆಳೆಯ ಕೇಳಿದ್ದ. ನಕ್ಕು ಸುಮ್ಮನಾದೆ. ಸತ್ತವರ ಎದೆ ಬಗೆದು ನೋಡಲಾಗುತ್ತದೆಯೇ? ಅದರ ಮೇಲೆ 2008ರ ಸೆಪ್ಟೆಂಬರ್ ಬಂತು. ಕ್ರೈಸ್ತರ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆಯಿತು. ಆ ದಿನಗಳನ್ನು ಕಂಡವರು ಸುಮ್ನಿರು ಅಂದರೆ ಅದನ್ನು ಹೇಡಿತನ ಎಂದು ನಾನು ಕರೆಯುವುದಿಲ್ಲ.

ಅದೇ ಮಿಶನ್ನಿನ ಇನ್ನೊಂದು ಮುಖವೂ ನೆನಪಿರಲಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ತಂದ ಮೊಗ್ಲಿಂಗ್, 1850ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಸುವಾರ್ತೆ ಸಾರಲು ಬಂದ ಮನುಷ್ಯ ಉಡುಪಿಯ ಕೃಷ್ಣನನ್ನು ಹಾಡಿದವರ ಪದ ಹುಡುಕಿಕೊಂಡು ಹೋಗಿದ್ದು! ಆ ಕಾಲದ ಮಿಶನ್ ಕರಪತ್ರಗಳಲ್ಲಿ ಇಲ್ಲಿಯ ದೇವರುಗಳ ಬಗ್ಗೆ ಒರಟು ಮಾತುಗಳೂ ಇವೆ, ಮುಚ್ಚಿಡುವುದಿಲ್ಲ. ಆದರೆ ಆ ಕರಪತ್ರಗಳನ್ನು ಈಗ ಯಾರೂ ಓದುವುದಿಲ್ಲ. 1894ರ ಕಿಟೆಲ್ ನಿಘಂಟನ್ನು ಇವತ್ತಿಗೂ ತೆರೆಯುತ್ತಾರೆ.

ಈಗ ನಿಮ್ಮ ಮುಂದೆ ಇರುವ ದಾರಿಗಳು. ಪೂರ್ತಿ ಸುಮ್ಮನಾಗಬಹುದು. ಕಾನೂನಿನ ಮಟ್ಟಿಗೆ ಇದರಷ್ಟು ಸುರಕ್ಷಿತ ಬೇರೆ ಇಲ್ಲ. ಆದರೆ ಮೊನ್ನೆ ಕೈ ಹಿಡಿದವಳು ಇವತ್ತು ಮುಖ ತಪ್ಪಿಸಿದರೆ ಆ ಅಕ್ಕನಿಗೆ ಏನನ್ನಿಸಬೇಕು? ನೀವು ನಿಮ್ಮ ಹೆದರಿಕೆಗೆ ಸುಮ್ಮನಾದಿರಿ, ಅವರು ಅದನ್ನು ತಿರಸ್ಕಾರ ಎಂದುಕೊಳ್ಳುತ್ತಾರೆ. ಎರಡನೆಯದು ಅವರನ್ನು ಕೂಟಕ್ಕೆ ಕರೆದುಕೊಂಡು ಹೋಗುವುದು. ಹಿರಿಯರಿಗೆ ಬೇಕಾಗಿರುವುದು ಅದೇ. ಈಗ ಅದು ಬೇಡವೇ ಬೇಡ. ಗಂಡನ ಚಿಂತೆಯಲ್ಲಿ ಸೋತು ಹೋದ ಹೆಂಗಸನ್ನು 20 ಜನ ಸುತ್ತುವರಿದು ಜೋರಾಗಿ ಪ್ರಾರ್ಥಿಸಿದರೆ ಅವರಿಗೆ ಎದ್ದು ಹೋಗಲು ಆಗುವುದಿಲ್ಲ. ಇನ್ನೂ ದೊಡ್ಡ ಅಪಾಯ ಎಂದರೆ, ಅಲ್ಲಿ ಯಾರಾದರೂ ಒಬ್ಬರು "ನಂಬಿದರೆ ಕಿಡ್ನಿ ಸರಿಯಾಗುತ್ತದೆ" ಅಂದುಬಿಡುತ್ತಾರೆ. ಆ ಮಾತು ನಂಬಿ ಎರಡು ಡಯಾಲಿಸಿಸ್ ತಪ್ಪಿಸಿದರೆ ಏನಾಗುತ್ತದೆ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ನಾನು ಪ್ರಾರ್ಥನೆಯನ್ನು ನಂಬುವವನು. ಆದರೆ ಗುಣವಾಗುತ್ತದೆ ಎಂದು ಮಾತು ಕೊಡುವ ಅಧಿಕಾರ ನನಗಿಲ್ಲ, ಯಾವ ಪ್ರಸಂಗಿಗೂ ಇಲ್ಲ. ಪ್ರಾರ್ಥಿಸುವಾಗಲೂ ಅಕ್ಕನಿಗೆ ಕೇಳುವ ಹಾಗೆ ಡಾಕ್ಟರಿಗೋಸ್ಕರ, ಟೆಕ್ನೀಷಿಯನ್ನರಿಗೋಸ್ಕರ ಪ್ರಾರ್ಥಿಸಿ.

ಮೂರನೆಯ ದಾರಿ ನನಗೆ ಸರಿ ಕಾಣುವುದು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ಕೇಳಿದಷ್ಟೇ ಕೊಡಿ, ಬಾಗಿಲು ತೆರೆದಿಟ್ಟು ಕೊಡಿ. ನೀವು ಯಾಕೆ ಪ್ರಾರ್ಥನೆ ಮಾಡುತ್ತೀರಿ ಎಂದು ಅಕ್ಕ ಕೇಳಿದರೆ ನಿಮ್ಮ ಕಥೆ ಹೇಳಿ. ನೈಟ್ ಡ್ಯೂಟಿಯಲ್ಲಿ ರೋಗಿ ಕೈಯಲ್ಲೇ ತೀರಿಹೋದ ದಿನ ನೀವು ಹೇಗೆ ಮನೆಗೆ ಬಂದಿರಿ, ಯಾವ ಮಾತು ನಿಮ್ಮನ್ನು ಹಿಡಿದು ನಿಲ್ಲಿಸಿತು, ಅದನ್ನು ಹೇಳಿ. ಅವರ ದೇವರ ಬಗ್ಗೆ ಒಂದು ಮಾತೂ ಬೇಡ. ಅವರ ಮನೆಯ ಕೋಲಕ್ಕೆ ಕರೆದರೆ ಹೋಗಿ ಊಟ ಮಾಡಿ ಬನ್ನಿ. ಪ್ರಸಾದದ ವಿಷಯ ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು, ಬೇಡವಾದರೆ ನಯವಾಗಿ ಬೇಡ ಅನ್ನಿ. ಕ್ರಿಸ್ಮಸ್ಸಿನಲ್ಲಿ ತಿಂಡಿ ಕೊಡುವುದು ಆಮಿಷವೇ ಎಂದು ಒಬ್ಬರು ನನ್ನನ್ನು ಗಂಭೀರವಾಗಿ ಕೇಳಿದ್ದರು. ಮಂಗಳೂರು ಕಡೆ ಕುಸ್ವಾರ್ ತಟ್ಟೆ ಪಕ್ಕದ ಮನೆಗೆ ಹೋಗುತ್ತದೆ, ಚೌತಿಗೆ ಅದೇ ತಟ್ಟೆಯಲ್ಲಿ ಕಡುಬು ವಾಪಸ್ ಬರುತ್ತದೆ. ಅದಕ್ಕೂ ಲೆಕ್ಕ ಇಡುವ ಕಾಲ ಬಂತಾ? ತಿಂಡಿ ಕೊಡಿ. ಆದರೆ ಅದರ ಅಡಿಯಲ್ಲಿ ಕರಪತ್ರ ಇಡಬೇಡಿ.

ಬೈಬಲ್ ವಿಷಯಕ್ಕೂ ಇದೇ ಅಳತೆ. ಕೊಡಬಹುದು. ಆದರೆ ಮಗನಿಗೆ ಗೊತ್ತಿಲ್ಲದ ಹಾಗೆ ಸೀರೆಯ ಮಡಿಕೆಯಲ್ಲಿ ಇಟ್ಟು ಕೊಡಬೇಡಿ. ಮೊದಲು ಮಗನ ಹತ್ತಿರ ಮಾತಾಡಿ. ಅವನು ಮಾತು ಬಿಟ್ಟಿದ್ದಾನೆ, ನೀವು ಬಿಟ್ಟಿಲ್ಲವಲ್ಲ. "ಅಮ್ಮ ಅತ್ತರು, ಪ್ರಾರ್ಥನೆ ಮಾಡು ಎಂದರು, ಮಾಡಿದೆ. ನಿನಗೆ ಬೇಸರ ಆಗಿದ್ದರೆ ಹೇಳು ತಮ್ಮ. ಈಗ ಓದಲು ಪುಸ್ತಕ ಕೇಳಿದ್ದಾರೆ, ನಿನಗೆ ಹೇಳದೆ ಕೊಡುವುದಿಲ್ಲ." ಇಷ್ಟು ಸಾಕು. ಅಕ್ಕ ಪ್ರಾಯಕ್ಕೆ ಬಂದವರು, ಓದಲು ಮಗನ ಅಪ್ಪಣೆ ಬೇಕಿಲ್ಲ, ಅದು ಸರಿ. ಆದರೆ ಆ ಮನೆಯಲ್ಲಿ ಒಬ್ಬರು ಕಾಯಿಲೆಯವರಿದ್ದಾರೆ, ಅಲ್ಲಿ ಜಗಳ ಹುಟ್ಟಿಸಿ ನೀವು ನಿಮ್ಮ ಮನೆಗೆ ಬಂದು ಬಾಗಿಲು ಹಾಕಿಕೊಳ್ಳಲಾಗದು. ಅವನು ಖಡಾಖಂಡಿತ ಬೇಡ ಎಂದರೆ ಅಕ್ಕನಿಗೆ ಹಾಗೆಯೇ ಹೇಳಿ. ಬೇಕೇ ಬೇಕು ಅನ್ನಿಸಿದರೆ ಅವರೇ ಕೊಂಡುಕೊಳ್ಳುತ್ತಾರೆ, ಅಂಗಡಿಯಲ್ಲಿ ಸಿಗುವ ಪುಸ್ತಕವೇ. ಕೊಡುವುದಾದರೆ ನಮ್ಮ ಹಳೆಯ ಬೈಬಲ್ ಅನುವಾದ ಸತ್ಯವೇದ ಬೇಡ, ಅದರ ಕನ್ನಡ ನಮಗೇ ಕಷ್ಟ. ಸುಲಭ ಭಾಷೆಯದ್ದು ಕೊಡಿ, ಲೂಕನ ಸುವಾರ್ತೆಯಿಂದ ಓದಿ ಅನ್ನಿ. ಅದರಲ್ಲಿ ಹತ್ತು ಜನ ಕುಷ್ಠರೋಗಿಗಳ ಕಥೆ ಇದೆ. ಹತ್ತು ಜನರೂ ಶುದ್ಧರಾಗುತ್ತಾರೆ, ಒಬ್ಬನೇ ತಿರುಗಿ ಬರುತ್ತಾನೆ. ಬಾರದ ಒಂಬತ್ತು ಜನರಿಗೆ ರೋಗ ವಾಪಸ್ ಬರಲಿಲ್ಲ. ಇದನ್ನು ಅಕ್ಕನಿಗಿಂತ ಮೊದಲು ನಿಮ್ಮ ಕೂಟದಲ್ಲಿ ಓದಿಸಿ.

ಮುಂದೆ ಎಂದಾದರೂ ಅಕ್ಕನೇ ದೀಕ್ಷಾಸ್ನಾನದ ಮಾತು ಎತ್ತಿದರೆ? ಅದು ನಿಮ್ಮ ಕೆಲಸವಲ್ಲ, ಸಭಾಪಾಲಕರ ಹತ್ತಿರ ಕಳಿಸಿ. ಅವಸರ ಮಾಡುವ ಸಭಾಪಾಲಕರಾದರೆ ಬೇರೆಯವರ ಹತ್ತಿರ ಕಳಿಸಿ. 2022ರ ಕಾಯ್ದೆಯ ಪ್ರಕಾರ ಮತ ಬದಲಿಸುವವರೂ ಅದನ್ನು ನೆರವೇರಿಸುವವರೂ 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮನೆಯ ಒಳಗಿನ ಪರಿಣಾಮವನ್ನೂ ಅವರಿಗೆ ಬಿಡಿಸಿ ಹೇಳಲೇಬೇಕು. ಗಂಡ ಹೆಂಡಿರಲ್ಲಿ ಒಬ್ಬರು ಮತ ಬದಲಿಸಿದರೆ, 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಇನ್ನೊಬ್ಬರಿಗೆ ವಿಚ್ಛೇದನ ಕೇಳಲು ಅದೇ ಒಂದು ಕಾರಣ. ಪರಿಶಿಷ್ಟ ಜಾತಿಯವರಾದರೆ 1950ರ ರಾಷ್ಟ್ರಪತಿ ಆದೇಶದಂತೆ ಆ ಸ್ಥಾನ ಹೋಗುತ್ತದೆ. ಇದನ್ನೆಲ್ಲ ಮುಚ್ಚಿಟ್ಟು ನೀರಿಗೆ ಇಳಿಸುವುದಕ್ಕೆ ನನ್ನ ಪ್ರಕಾರ ಮೋಸ ಎಂದೇ ಹೆಸರು. ಆದರೆ ನಿಮ್ಮ ಪತ್ರದಲ್ಲಿ ಅಕ್ಕ ಅಷ್ಟು ದೂರ ಬಂದ ಹಾಗೆ ಕಾಣುವುದಿಲ್ಲ. ನೀವೂ ಹೋಗಬೇಡಿ.

ಅಲ್ಲಗಳೆದ ಹಾಗೆ ಆಗುತ್ತದಾ ಎಂದು ಕೇಳಿದ್ದೀರಿ. ಪೇತ್ರ ಅಲ್ಲಗಳೆದದ್ದು ಯಾವಾಗ? ನೀನು ಅವನ ಜೊತೆಯವನಲ್ಲವೇ ಎಂದು ಒಬ್ಬ ಹುಡುಗಿ ನೇರವಾಗಿ ಕೇಳಿದಾಗ, ಅಲ್ಲ ಎಂದ. ನಿಮ್ಮನ್ನು ಆ ಅಕ್ಕ ಕೇಳಿದರು, ನೀವು ಹೌದು ಎಂದಿರಿ. ನಿದ್ದೆ ಮಾಡಿ.

ಈ ವಾರ ರಜೆ ಇದ್ದ ದಿನ ಅವರ ಮನೆಗೆ ಹೋಗಿ ಬನ್ನಿ. ಗಂಡನನ್ನು ಕರೆದುಕೊಂಡೇ ಹೋಗಿ, ಮಗ ಮನೆಯಲ್ಲಿರುವ ಹೊತ್ತು ನೋಡಿಕೊಂಡು. ಒಂದು ದಿನದ ಡಯಾಲಿಸಿಸ್‌ಗೆ ಅಕ್ಕನ ಬದಲು ನಾನು ಜೊತೆಗೆ ಹೋಗಿ ಕೂರುತ್ತೇನೆ ಎಂದು ಕೇಳಿ ನೋಡಿ, ಅವರು ಅಷ್ಟು ಹೊತ್ತು ಮಲಗಲಿ. ಬರಿಗೈಲಿ ಹೇಗೆ ಹೋಗುವುದು ಎಂದು ಎಳನೀರು, ಬಾಳೆಹಣ್ಣು ಒಯ್ಯಬೇಡಿ. ಅವುಗಳಲ್ಲಿ ಪೊಟ್ಯಾಸಿಯಂ ಜಾಸ್ತಿ ಎಂದು ನರ್ಸಿಗೆ ನಾನು ಹೇಳಬೇಕಾಗಿಲ್ಲ.